ಪುಸ್ತಕದಲ್ಲಿ ಐವತ್ತು

ಸಣ್ಣಮಾವನ ಮಗಳು ಕೌಲ್‌ಬಜಾರಿನಿಂದ ಫೋನ್ ಮಾಡಿದಳೆಂದರೆ ಸಾಮಾನ್ಯವಾಗಿ ಉಪ್ಪಿನಕಾಯಿಗೆ ಉಪ್ಪಿನ ಅಳತೆ ಕೇಳಲು, ಇಲ್ಲವೆ ಯಾರದೋ ಮನೆಯ ಮದುವೆಗೆ ಏನು ಮುಯ್ಯಿ ಮಾಡಬೇಕೆಂದು ವಿಚಾರಿಸಲು. ಈ ಸಲ ಹಾಗಲ್ಲ. "ಅಕ್ಕಾ, ಅಪ್ಪ ಐವತ್ತು ಹೊಡೆದ ಮ್ಯಾಚಿನ ಪುಸ್ತಕ ನಿಮ್ಮ ಹತ್ರಾನೇ ಐತಂತಲ್ಲ? ನಮ್ಮ ಹುಡುಗನಿಗೆ ಆ ಹಾಳೆ ಬೇಕಂತೆ. ಕಟ್ಟು ಹಾಕಿಸಿ ಗೋಡೆಗೆ ಹಾಕ್ತಾನಂತೆ" ಎಂದಳು. ಹುಡುಗನಿಗೆ ಹದಿಮೂರು ವರ್ಷ. ಬೆಳಗ್ಗೆ ಐದಕ್ಕೆ ಎದ್ದು ಬ್ಯಾಟು ಹೊತ್ತುಕೊಂಡು ಮೈದಾನಕ್ಕೆ ಹೋಗುತ್ತಾನೆ. ತಾತ ಸಿರುಗುಪ್ಪದಲ್ಲಿ ಐವತ್ತು ಹೊಡೆದ ಕಥೆ ಅವನಿಗೆ ಬಾಯಿಪಾಠ.

"ಹುಡುಕ್ತೀನಿ ಕಣೆ" ಎಂದು ಫೋನ್ ಇಟ್ಟೆ. ಹುಡುಕುವುದೇನೂ ಇರಲಿಲ್ಲ. ಪುಸ್ತಕ ನನ್ನ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ನಲವತ್ತೈದು ವರ್ಷಕ್ಕೂ ಮೇಲಿನಿಂದ ಇದೆ. ಅದು ಅಲ್ಲಿರುವುದಕ್ಕೆ ಅಭಿಮಾನದ ಜೊತೆಗೆ ಇನ್ನೊಂದು ಕಾರಣವಿದೆ. ಬೇರೆಯವರ ಕೈಗೆ ಅದು ಸಿಗಬಾರದೆಂದು ನನ್ನ ಮನಸ್ಸಿನಲ್ಲಿತ್ತು.

ಆ ಪುಟದಲ್ಲಿ ಸಣ್ಣಮಾವನ ಹೆಸರಿನ ಮುಂದೆ 50 ಎಂದಿದೆ. ಅವನು ಹೊಡೆದದ್ದು 49.

1977ರ ಬೇಸಿಗೆ. ನನ್ನಪ್ಪ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ತುಂಗಭದ್ರೆಯ ನೀರು ಬಂದ ಮೇಲೆ ನಮ್ಮ ಕಡೆ ಎತ್ತ ನೋಡಿದರೂ ಭತ್ತ, ಭತ್ತವಿದ್ದಲ್ಲೆಲ್ಲ ಗಿರಣಿ, ಗಿರಣಿಯಿದ್ದಲ್ಲೆಲ್ಲ ಲೆಕ್ಕ. ಅಪ್ಪ ನನಗೆ ಜಡೆ ಹಾಕುವುದೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಕಲಿಸಿದರು. ಅದರಲ್ಲಿ ಮೊದಲನೆಯದು ಉದ್ದಕ್ಕೆ ಕೂಡಿದರೂ ಅಡ್ಡಕ್ಕೆ ಕೂಡಿದರೂ ಮೊತ್ತ ಒಂದೇ ಬರಬೇಕು ಎನ್ನುವುದು. ಎರಡನೆಯದು, ಲೆಕ್ಕದ ಪುಸ್ತಕದಲ್ಲಿ ಎಂದಿಗೂ ಕೆರೆಯಬಾರದು. ತಪ್ಪಾದರೆ ಒಂದೇ ಗೆರೆ ಹೊಡೆಯಬೇಕು, ಹೊಡೆದ ಮೇಲೂ ಕೆಳಗಿನ ಅಂಕಿ ಓದಲು ಬರುವಂತಿರಬೇಕು, ಮೇಲೆ ಸರಿಯಾದದ್ದನ್ನು ಬರೆದು ಪಕ್ಕದಲ್ಲಿ ಸಹಿ ಹಾಕಬೇಕು. "ತಪ್ಪು ಮಾಡಿದವನನ್ನ ಸಾಹುಕಾರ ಬಿಡ್ತಾನೆ, ಕೆರೆದವನನ್ನ ಬಿಡಲ್ಲ" ಎನ್ನುತ್ತಿದ್ದರು.

ಅಕ್ಷರ ದುಂಡಗಿದೆ, ಕೂಡಿಸಲು ಬರುತ್ತದೆ ಎಂಬ ಕಾರಣಕ್ಕೆ ಎಂಟನೇ ಕ್ಲಾಸು ಮುಗಿಸಿದ್ದ ನನ್ನನ್ನು ಸಣ್ಣಮಾವ ಊರಿನ ಟೀಮಿಗೆ ಸ್ಕೋರ್ ಬರೆಯಲು ಕರೆದೊಯ್ಯುತ್ತಿದ್ದ. ಅಮ್ಮನಿಗೆ ಇಷ್ಟವಿರಲಿಲ್ಲ. ದೊಡ್ಡವಳಾಗುವ ಹುಡುಗಿ ಗಂಡುಹುಡುಗರ ನಡುವೆ ಕೂರುವುದೇನು ಎಂದು. "ನನ್ನ ಪಕ್ಕದಾಗೆ ಕುಂತಿರ್ತಾಳೆ ಬಿಡಕ್ಕ" ಎಂದು ಸಣ್ಣಮಾವ ಒಪ್ಪಿಸುತ್ತಿದ್ದ. ಆದರೆ ಅವನು ಆಡಲು ಇಳಿದ ಮೇಲೆ ನನ್ನ ಪಕ್ಕದಲ್ಲಿ ಕೂರುತ್ತಿದ್ದುದು ನೀರಿನ ಮಡಕೆ ಮಾತ್ರ.

ಅಂದು ಕುರುಗೋಡಿನವರ ಮೇಲೆ ಫೈನಲ್. ಇಪ್ಪತ್ತೈದು ಓವರಿನ ಆಟ. ಅವರು 141 ಮಾಡಿದರು. ನಮ್ಮವರು 118ಕ್ಕೆ ಎಲ್ಲರೂ ಔಟು. ಸೋತೆವು. ಸೋತರೂ ಎಲ್ಲರೂ ಸಣ್ಣಮಾವನ ಬೆನ್ನು ತಟ್ಟುತ್ತಿದ್ದರು, ಏಕೆಂದರೆ ಅರ್ಧದಷ್ಟು ರನ್ನು ಅವನೊಬ್ಬನದೇ. ಅವನಿಗೆ ಆಗ ಇಪ್ಪತ್ತು. ಪಿಯುಸಿ ಎರಡು ಸಲ ಹೋಗಿತ್ತು. ಅಕ್ಕನ ಮನೆಯಲ್ಲಿ ಊಟ, ಗಿರಣಿಯಲ್ಲಿ ಚೀಲ ಎಣಿಸುವ ಕೆಲಸ, ಮನೆಗೆ ಬಂದವರೆಲ್ಲ "ಇವನೇನು ಮಾಡ್ತಾನೆ ಈಗ?" ಎಂದು ಅವನ ಎದುರಿಗೇ ಕೇಳುವುದು. ಬಿಸಿಲಿಗೆ ಕೆಂಪಾದ ಮುಖ ಹೊತ್ತು ನನ್ನ ಬಳಿ ಬಂದು, ನೀರು ಕುಡಿದು, "ಎಷ್ಟಾತು ನಂದು?" ಎಂದು ಕೇಳಿದ.

ನಾನು ಪುಸ್ತಕ ನೋಡಿದೆ. 49. ಅವನ ಮುಖ ನೋಡಿದೆ. "ಐವತ್ತು" ಎಂದೆ.

ಮೊದಲು ಸುಳ್ಳು ಹೇಳಿದ್ದು ಬಾಯಿ. ಅದನ್ನು ನಿಜ ಮಾಡುವ ಕೆಲಸ ಆಮೇಲೆ ಕೈಗೆ ಬಿತ್ತು. ಮೈಕಿನವನು ಐವತ್ತು ಎಂದು ಕೂಗಿದ. ಯಾರೋ ದೊಡ್ಡವರು ಬಂದು ಸಣ್ಣಮಾವನ ಅಂಗಿಗೆ ಐದು ರೂಪಾಯಿ ನೋಟು ಪಿನ್ನು ಚುಚ್ಚಿದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಪೆನ್ಸಿಲ್ ಚೂಪು ಮಾಡುವ ಅರ್ಧ ಬ್ಲೇಡು ಹಿಡಿದುಕೊಂಡು ಲಾಟೀನಿನ ಮುಂದೆ ಕೂತೆ.

ಕ್ರಿಕೆಟ್ ಗೊತ್ತಿಲ್ಲದವರು ಇಲ್ಲಿ ಸ್ವಲ್ಪ ತಾಳಿಕೊಳ್ಳಬೇಕು. ಚೆಂಡು ಬ್ಯಾಟಿಗೆ ತಾಗದೆ ಆಡುವವನ ಕಾಲಿಗೆ ಬಡಿದು ಆಚೆ ಹೋದಾಗಲೂ ಓಡಿ ರನ್ನು ತೆಗೆಯಬಹುದು. ಅದಕ್ಕೆ ಲೆಗ್ ಬೈ ಎನ್ನುತ್ತಾರೆ. ಅಂಪೈರ್ ಒಂದು ಮೊಣಕಾಲೆತ್ತಿ ಅದನ್ನು ತಟ್ಟಿ ತೋರಿಸುತ್ತಾನೆ. ಆ ರನ್ನು ತಂಡದ ಮೊತ್ತಕ್ಕೆ ಸೇರುತ್ತದೆ, ಆದರೆ ಆಡಿದವನ ಹೆಸರಿಗೆ ಸೇರುವುದಿಲ್ಲ. ಎಲ್ಲರ ಹೆಸರು ಮುಗಿದ ಮೇಲೆ ಕೆಳಗೆ ‘ಇತರೆ’ ಎಂಬ ಸಾಲಿನಲ್ಲಿ ಬರೆಯುತ್ತಾರೆ. ಮೊತ್ತದಲ್ಲಿ ಇದೆ, ಹೆಸರಿನಲ್ಲಿ ಇಲ್ಲ. ಈ ಸಾಲಿನ ಅರ್ಥವನ್ನು ಹೆಂಗಸರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ ಎಂದುಕೊಂಡಿದ್ದೇನೆ. ಅಂದು ಎರಡೂ ಟೀಮಿಗೆ ಮಂಡಕ್ಕಿ ಒಗ್ಗರಣೆ ಮಾಡಿ, ಎರಡು ಕೊಡ ಮಜ್ಜಿಗೆ ಕಡೆದು ಕಳಿಸಿದ್ದು ನಮ್ಮಮ್ಮ ಮತ್ತು ಪಕ್ಕದ ಮನೆಯವರು.

ಹದಿನೇಳನೇ ಓವರಿನಲ್ಲಿ ಸಣ್ಣಮಾವನ ಕಾಲಿಗೆ ಬಡಿದು ಬಂದ ಒಂದು ಲೆಗ್ ಬೈ ಇತ್ತು. ಅದನ್ನು ಕೆರೆದು ಅವನ ಹೆಸರಿಗೆ ಬರೆದೆ. ಇತರೆ 9 ಇದ್ದದ್ದು 8 ಆಯಿತು. 49 ಇದ್ದದ್ದು 50. ಮೊತ್ತ 118 ಹಾಗೇ ಉಳಿಯಿತು. ಯಾರಿಗೇನು ನಷ್ಟ? ಮಲಗಲು ಎದ್ದವಳು, ಅಪ್ಪನ ಪಾಠ ನೆನಪಾಗಿ, ಅಡ್ಡಕ್ಕೂ ಕೂಡಿ ನೋಡಿದೆ. ಒಂದು ಕಡಿಮೆ ಬಂತು.

ಏಕೆಂದರೆ ಸ್ಕೋರ್ ಪುಸ್ತಕವೂ ಗಿರಣಿಯ ಪುಸ್ತಕದಂತೆ ಎರಡು ಬದಿಯದು. ಆಡುವವರಿಗೆ ಜಮೆಯಾದ ರನ್ನು ಚೆಂಡು ಹಾಕಿದವನಿಗೆ ಖರ್ಚಾಗಬೇಕು. ಲೆಗ್ ಬೈ ಬೌಲರನ ಲೆಕ್ಕಕ್ಕೆ ಹೋಗುವುದಿಲ್ಲ, ಬ್ಯಾಟಿನಿಂದ ಬಂದ ರನ್ನು ಹೋಗುತ್ತದೆ. ಸಣ್ಣಮಾವನಿಗೆ ಒಂದು ರನ್ನು ಕೊಡಬೇಕಾದರೆ ಕುರುಗೋಡಿನ ಒಬ್ಬ ಹುಡುಗನ ಮೇಲೆ ಒಂದು ರನ್ನು ಹೊರಿಸಬೇಕು. ಅವನು ಐದು ಓವರಿನಲ್ಲಿ 14 ರನ್ನು ಕೊಟ್ಟು ಮೂರು ವಿಕೆಟ್ ತೆಗೆದಿದ್ದ. ಅದು 15 ಆಯಿತು. ಅಷ್ಟೇ ಅಲ್ಲ, ಆ ಹದಿನೇಳನೇ ಓವರಿನಲ್ಲಿ ಲೆಗ್ ಬೈ ಬಿಟ್ಟರೆ ಬೇರೆ ರನ್ನೇ ಇರಲಿಲ್ಲ. ಹಾಗಿದ್ದಾಗ ಅದು ಮೇಡನ್ ಓವರ್. ಬೌಲರನಿಗೆ ಅದೊಂದು ಮರ್ಯಾದೆ. ಆರು ಚುಕ್ಕೆಗಳನ್ನು ಸೇರಿಸಿ ನಾನೇ ಆಸೆಯಿಂದ ಬರೆದಿದ್ದ ಇಂಗ್ಲಿಷಿನ ಎಮ್ಮನ್ನು ನಾನೇ ಕೆರೆದುಹಾಕಿದೆ. ಕಾಗದ ಅಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಯಿತು. ಆಮೇಲೆ ಎರಡೂ ಕಡೆ ಕೂಡಿದರೆ ಸರಿ ಬಂತು.

ಸುಳ್ಳು ಲೆಕ್ಕ ಅಷ್ಟು ಸರಿಯಾಗಿ ಕೂಡಿಬರುತ್ತದೆಂಬುದು ಅಂದು ನನಗೆ ಮೊದಲು ಗೊತ್ತಾದದ್ದು.

ಮುಂದೆ ನಾನು ಬಳ್ಳಾರಿಗೆ ಮದುವೆಯಾಗಿ ಬಂದೆ, ಹೈಸ್ಕೂಲಿನಲ್ಲಿ ಗಣಿತ ಕಲಿಸಿದೆ, ನಿವೃತ್ತಳಾದೆ. ಪೇಪರು ತಿದ್ದುವಾಗ 34 ಬಂದ ಎಷ್ಟೋ ಹುಡುಗಿಯರಿಗೆ ಎಲ್ಲಿಂದಲೋ ಒಂದು ಮಾರ್ಕು ಹುಡುಕಿ 35 ಮಾಡಿದ್ದೇನೆ. ಅದಕ್ಕಾಗಿ ನನಗೆ ನಿದ್ದೆ ಕೆಟ್ಟಿಲ್ಲ. ಆ ಒಂದು ಮಾರ್ಕನ್ನು ಬೇರೆ ಯಾವ ಹುಡುಗಿಯ ಪೇಪರಿನಿಂದಲೂ ಕಿತ್ತು ತಂದಿರಲಿಲ್ಲ. ಕರುಣೆಗೂ ಒಂದು ಎದುರು ಬದಿಯಿರುತ್ತದೆಯೇ ಎಂದು ನೋಡುವ ಚಟ ನನಗೆ ಹತ್ತಿದ್ದು ಸಿರುಗುಪ್ಪದ ಆ ರಾತ್ರಿಯಿಂದ.

ಸಣ್ಣಮಾವನ ಬದುಕು ದೊಡ್ಡದೇನೂ ಆಗಲಿಲ್ಲ. ಗಿರಣಿ ಬಿಟ್ಟು ಬೀಜ ಗೊಬ್ಬರದ ಅಂಗಡಿ, ಅದು ಬಿಟ್ಟು ಬಳ್ಳಾರಿಗೆ ಬಂದು ಜೀನ್ಸ್ ಹೊಲಿಯುವ ಕಡೆ ಹೊಲಿಗೆ ಪರೀಕ್ಷಿಸುವ ಕೆಲಸ. ಹೆಣ್ಣು ನೋಡಲು ಹೋದಾಗ ನಮ್ಮಜ್ಜ ಅವನ ಓದಿನ ವಿಷಯ ಬರುವ ಮೊದಲೇ "ಕುರುಗೋಡಿನ ಮೇಲೆ ಐವತ್ತು ಹೊಡೆದವ" ಎಂದು ಮಾತು ತೇಲಿಸಿಬಿಟ್ಟರಂತೆ. ಅವನ ಬಗ್ಗೆ ಮನೆಯವರು ಹೊರಗೆ ಹೇಳಿಕೊಳ್ಳಬಹುದಾದ ಒಂದು ಅಂಕಿ ಅದು. ಎರಡು ವರ್ಷದ ಕೆಳಗೆ ತೀರಿಕೊಂಡ. ಮಣ್ಣಿಗೆ ಬಂದವರೂ ಅದೇ ಮಾತು ಆಡಿದರು.

ಈಗ ನಾನು ಇನ್ನೊಂದು ಸ್ಕೋರಿನ ವಿಷಯ ಹೇಳಬೇಕು. ಬಳ್ಳಾರಿಯವರಿಗೆ 1999 ಎಂದರೆ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ನಮ್ಮೂರಲ್ಲಿ ಚುನಾವಣೆಗೆ ನಿಂತ ವರ್ಷ. ನನಗೆ ಅದು ಫೆಬ್ರವರಿ 7ರ ಭಾನುವಾರ. ದೆಹಲಿಯ ಕೋಟ್ಲಾ ಮೈದಾನದಲ್ಲಿ ಪಾಕಿಸ್ತಾನದ ಮೇಲೆ ಟೆಸ್ಟ್ ಪಂದ್ಯ. ಸಣ್ಣಮಾವ ಹೆಂಡತಿ ಮಗಳೊಡನೆ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಗೆಲ್ಲಲು 420 ಬೇಕಿದ್ದ ಪಾಕಿಸ್ತಾನದವರು ಒಳ್ಳೆಯ ಆರಂಭ ಮಾಡಿ, ಮೊದಲ ವಿಕೆಟ್ಟಿಗೇ ನೂರು ದಾಟಿಸಿದ್ದರು. ಆಮೇಲೆ ನಮ್ಮ ಅನಿಲ್ ಕುಂಬ್ಳೆಯ ಕೈಗೆ ಚೆಂಡು ಹತ್ತಿತು. ಒಂದು, ಎರಡು, ಐದು, ಏಳು, ಒಂಬತ್ತು. ಎಲ್ಲ ಅವರೊಬ್ಬರದೇ. ಟೆಸ್ಟ್ ಆಟದಲ್ಲಿ ಒಬ್ಬನೇ ಹತ್ತಕ್ಕೆ ಹತ್ತೂ ತೆಗೆದದ್ದು ಅಲ್ಲಿಯವರೆಗೆ ಒಂದೇ ಸಲ, 1956ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್. ಕುಂಬ್ಳೆಯ ಒಂಬತ್ತಾದ ಮೇಲೆ ಇನ್ನೊಂದು ಬದಿಯಿಂದ ಚೆಂಡು ಹಾಕಬೇಕಾದವರು ಜಾವಗಲ್ ಶ್ರೀನಾಥ್. ಅವರೂ ನಮ್ಮವರೇ, ಮೈಸೂರಿನವರು.

ಶ್ರೀನಾಥ್ ಚೆಂಡನ್ನು ವಿಕೆಟ್ಟಿನಿಂದ ದೂರ, ಆಡುವವನಿಗೆ ಎಟುಕದಂತೆ ಹಾಕತೊಡಗಿದರು. ಅಂಪೈರ್ ಎರಡೂ ಕೈ ಚಾಚಿ ವೈಡ್ ಎಂದರು. ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಸಣ್ಣಮಾವ ಕೈಯಲ್ಲಿದ್ದ ಹೋಳಿಗೆ ಹಾಗೇ ಹಿಡಿದುಕೊಂಡು "ಬೇಕಂತಲೇ ಹೊರಗೆ ಹಾಕ್ತಾನೆ ನೋಡು. ಔಟ್ ಮಾಡಬಾರದೂಂತ" ಎಂದ. ಮುಂದಿನ ಓವರಿನಲ್ಲಿ ವಾಸಿಂ ಅಕ್ರಂ ಕೊಟ್ಟ ಕ್ಯಾಚನ್ನು ಲಕ್ಷ್ಮಣ್ ಹಿಡಿದರು. ಹತ್ತು. ಮನೆಯಲ್ಲಿ ಕೂಗೋ ಕೂಗು. ಆ ಗದ್ದಲದಲ್ಲಿ ಸಣ್ಣಮಾವ ನನ್ನ ಕಡೆ ತಿರುಗಿ, ನಗುತ್ತ, "ಇದನ್ನ ಸ್ಕೋರ್ ಬರೆಯೋರು ಹೆಂಗೆ ಬರೀತಾರೆ?" ಎಂದ. ಅದು ನನಗೇ ಹೇಳಿದ್ದೋ, ಸುಮ್ಮನೆ ಹೇಳಿದ್ದೋ, ಇಂದಿಗೂ ತಿಳಿಯದು.

ಅವರು ಹೇಗೆ ಬರೆದರೆಂದು ಮರುದಿನ ಪತ್ರಿಕೆಯಲ್ಲಿ ನೋಡಿದೆ, ಆ ಚೀಟಿಯನ್ನು ಕತ್ತರಿಸಿ ಇಟ್ಟುಕೊಂಡೆ. ಕುಂಬ್ಳೆ 26.3 ಓವರ್, 9 ಮೇಡನ್, 74 ರನ್, 10 ವಿಕೆಟ್. ಶ್ರೀನಾಥ್ 12 ಓವರ್, 2 ಮೇಡನ್, 50 ರನ್, 0 ವಿಕೆಟ್. ವೆಂಕಟೇಶ್ ಪ್ರಸಾದ್ 4, 1, 15, 0. ಹರ್ಭಜನ್ 18, 5, 51, 0. ಅಭ್ಯಾಸಬಲ, ಕೂಡಿದೆ. ನಾಲ್ವರು ಬೌಲರರು ಕೊಟ್ಟದ್ದು 190. ಬೈ 15, ಲೆಗ್ ಬೈ 2. ಒಟ್ಟು 207. ಅತ್ತ ಬ್ಯಾಟ್ಸ್‌ಮನ್ನರ ಬದಿಯಲ್ಲಿ ಕೂಡಿದರೂ 207. ಇತರೆ ರನ್ನುಗಳಲ್ಲಿ ವೈಡ್ 2 ಎಂದಿದೆ. ವೈಡಿನ ರನ್ನು ಹಾಕಿದವನ ಲೆಕ್ಕಕ್ಕೇ ಖರ್ಚು. ಶ್ರೀನಾಥರ ಹೆಸರಿನ ಮುಂದೆ ಸೊನ್ನೆಯಿದೆ. ಆ ಸೊನ್ನೆಯಲ್ಲಿ ಸ್ವಲ್ಪ ಪಾಲು ಪ್ರೀತಿಯೆಂದು ಯಾವ ಅಂಕಣದಲ್ಲೂ ಇಲ್ಲ. ನೋಡದೆ ಬರೀ ಪಟ್ಟಿ ಓದಿದವನು ಆ ದಿನ ಅವರಿಗೆ ಚೆಂಡೇ ಹತ್ತಿರಲಿಲ್ಲವೆಂದು ತಿಳಿದಾನು.

ಈ ಚೀಟಿಯನ್ನು ನಾನು ಎಷ್ಟೋ ಸಲ ನನ್ನ ಪರವಾದ ಸಾಕ್ಷಿಯಂತೆ ತೆಗೆದು ನೋಡಿದ್ದೇನೆ. ಅಷ್ಟು ದೊಡ್ಡ ಆಟದಲ್ಲೂ ಒಬ್ಬ ಇನ್ನೊಬ್ಬನಿಗಾಗಿ ಸ್ವಲ್ಪ ವಾಲಿಕೊಟ್ಟನಲ್ಲ, ನಾನು ಮಾಡಿದ್ದೂ ಅದೇ ಅಲ್ಲವೇ? ಆದರೆ ಸಾಕ್ಷಿ ನಿಲ್ಲುವುದಿಲ್ಲ. ಶ್ರೀನಾಥ್ ಕೊಟ್ಟದ್ದು ತಮ್ಮ ಕೈಯಿಂದ. ನಷ್ಟ ಅವರದು, ನೋಡಿದವರು ಮೈದಾನದ ತುಂಬ ಜನ. ಪುಸ್ತಕ ಬರೆಯುವವನು ಮಾತ್ರ ಆದದ್ದನ್ನು ಆದ ಹಾಗೆ ಬರೆದ. ನಾನು ಕೊಟ್ಟದ್ದು ಕುರುಗೋಡಿನ ಹುಡುಗನ ಜೇಬಿನಿಂದ ತೆಗೆದು, ಅದೂ ಅವನಿಗೆ ಗೊತ್ತಾಗದ ಹಾಗೆ ರಾತ್ರಿಯಲ್ಲಿ.

ಅಮೆರಿಕದಲ್ಲಿರುವ ನಮ್ಮಕ್ಕನ ಮಗನಿಗೆ ಒಮ್ಮೆ ಇದನ್ನೆಲ್ಲ, ಯಾರದೋ ಕಥೆಯೆಂಬಂತೆ, ಫೋನಿನಲ್ಲಿ ಹೇಳಿದೆ. ಅವನು ಅಲ್ಲಿಯ ಬೇಸ್‌ಬಾಲ್ ಆಟದ ಹುಚ್ಚ. "ಚಿಕ್ಕಮ್ಮ, ಇಲ್ಲಿ ಇದಕ್ಕಿಂತ ದೊಡ್ಡದು ನಡೆದಿದೆ" ಎಂದು ಒಂದು ಹಳೆಯ ಕಥೆ ಹೇಳಿದ. 1910ರಲ್ಲಿ ಒಂದು ಮೋಟಾರು ಕಂಪನಿ, ಅತಿ ಹೆಚ್ಚು ಸರಾಸರಿಯಲ್ಲಿ ಹೊಡೆದವನಿಗೆ ಕಾರು ಬಹುಮಾನ ಎಂದಿತಂತೆ. ಪೈಪೋಟಿ ಇಬ್ಬರಲ್ಲಿ. ಡೆಟ್ರಾಯಿಟ್ ತಂಡದ ಟೈ ಕಾಬ್, ದೊಡ್ಡ ಆಟಗಾರ, ಆದರೆ ಮುಂಗೋಪಿ, ಯಾರಿಗೂ ಬೇಡವಾದವನು. ಇನ್ನೊಬ್ಬ ಕ್ಲೀವ್‌ಲ್ಯಾಂಡಿನ ನ್ಯಾಪ್ ಲ್ಯಾಜ್ವೇ, ಎಲ್ಲರಿಗೂ ಬೇಕಾದವನು. ಕೊನೆಯ ದಿನ ಎದುರಾಳಿ ತಂಡದ ಮ್ಯಾನೇಜರ್ ತನ್ನ ಹುಡುಗನಿಗೆ ಹಿಂದೆ ದೂರ ನಿಲ್ಲು ಎಂದು ಹೇಳಿ, ಲ್ಯಾಜ್ವೇ ಸುಮ್ಮನೆ ಚೆಂಡು ತಟ್ಟಿದರೂ ಲೆಕ್ಕಕ್ಕೆ ಸಿಗುವಂತೆ ಮಾಡಿಬಿಟ್ಟ. ಒಂದೇ ದಿನದ ಎರಡು ಆಟದಲ್ಲಿ ಎಂಟು ಹೊಡೆತ. ಗುಲ್ಲೆದ್ದು ಆ ಮ್ಯಾನೇಜರನ ಕೆಲಸ ಹೋಯಿತು. ಕೂದಲೆಳೆಯಷ್ಟು ಅಂತರದಿಂದ ಕಾಬನೇ ಮೇಲು ಎಂದು ಲೀಗಿನವರು ಸಾರಿದರು. ಕಂಪನಿಯವರು ಜಾಣರು, ಇಬ್ಬರಿಗೂ ಒಂದೊಂದು ಕಾರು ಕೊಟ್ಟರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 70 ವರ್ಷ ಕಳೆದು, ಹಳೆಯ ದಿನಪಟ್ಟಿಗಳನ್ನು ಕೂತು ಕೂಡುವವರಿಗೆ, ಅಂದರೆ ನನ್ನಂಥವರಿಗೆ, ಒಂದು ವಿಷಯ ಸಿಕ್ಕಿತು. ಕಾಬನ ಒಂದು ಆಟದ ಅಂಕಿ, ಮೂರು ಸರದಿಗೆ ಎರಡು ಹೊಡೆತ, ಪುಸ್ತಕದಲ್ಲಿ ಎರಡು ಸಲ ಬರೆದುಹೋಗಿದೆ. ಅದನ್ನು ತೆಗೆದರೆ ಗೆದ್ದವನು ಲ್ಯಾಜ್ವೇ. 1981ರಲ್ಲಿ ಇದು ಪತ್ರಿಕೆಯಲ್ಲಿ ಅಚ್ಚಾಯಿತು. ಆಗ ಇಬ್ಬರೂ ಬದುಕಿರಲಿಲ್ಲ. ಆಟದ ಕಮಿಷನರ್ ಬೋವಿ ಕೂನ್ ಎಂಬವರು, ಅಂದು ಸಾರಿದ ಬಿರುದು ಹಾಗೇ ಇರಲಿ ಎಂದರು.

ನನಗೆ ಕೋಪ ಬಂತು. ನಮ್ಮ ಹುಡುಗ ಅದಕ್ಕೆ ಸಮಾಧಾನ ಹೇಳಿದ, "ಅಷ್ಟು ವರ್ಷ ಜನ ನಂಬಿಕೊಂಡು ಬಂದದ್ದೂ ಒಂದು ಸತ್ಯ ತಾನೆ ಚಿಕ್ಕಮ್ಮ?" ಎಂದು. ನಂಬಿಕೊಂಡು ಬಂದದ್ದು ಸತ್ಯ, ಒಪ್ಪೋಣ. ಆದರೆ ನಂಬಿದ್ದು? ಫೋನ್ ಇಟ್ಟ ಮೇಲೆ ಹೊಳೆಯಿತು, ಕಮಿಷನರ್ ಮೇಲೆ ಕೋಪ ಮಾಡಿಕೊಳ್ಳುವ ನಾನೇ ಅಷ್ಟು ವರ್ಷದಿಂದ ಸೀರೆಯ ಕೆಳಗೆ ಅದೇ ತೀರ್ಪನ್ನು ಮಡಿಸಿಟ್ಟುಕೊಂಡಿದ್ದೇನೆ.

ಊರ ಹುಡುಗರ ಒಂದು ಆಟಕ್ಕೆ ಇಷ್ಟೊಂದು ಯೋಚನೆಯೇಕೆ ಎಂದು ನೀವು ಕೇಳಬಹುದು. ನಮ್ಮೆಜಮಾನರೂ ಕೇಳಿದರು. ನಾನು ಅವರಿಗೆ 1983ರ ವಿಶ್ವಕಪ್ ನೆನಪು ಮಾಡಿದೆ. ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್ ಎಂಬಲ್ಲಿ ಜಿಂಬಾಬ್ವೆಯ ಮೇಲೆ ನಮ್ಮವರು 17 ರನ್ನಿಗೆ 5 ವಿಕೆಟ್ ಕಳೆದುಕೊಂಡಿದ್ದಾಗ ಕಪಿಲ್ ದೇವ್ ಔಟಾಗದೆ 175 ಹೊಡೆದರು. ಒಂಬತ್ತನೇ ವಿಕೆಟ್ಟಿಗೆ ಅವರ ಜೊತೆ ನಮ್ಮ ಸೈಯದ್ ಕಿರ್ಮಾನಿ ನಿಂತು, ಮುರಿಯದೆ 126 ಸೇರಿಸಿದರು. ಕಿರ್ಮಾನಿಯವರದು ಅದರಲ್ಲಿ 24. ಅಂದು ಅಲ್ಲಿ ಟಿವಿ ಕ್ಯಾಮೆರಾ ಇರಲಿಲ್ಲ. ಆ ಆಟವನ್ನು ಈಗ ಯಾರೂ ನೋಡಲಾರರು, ಉಳಿದಿರುವುದು ಸ್ಕೋರು ಮಾತ್ರ. ಯಾರೋ ಒಬ್ಬ ಮೇಜಿನ ಮುಂದೆ ಕೂತು ಒಂದೊಂದೇ ಚೆಂಡಿಗೆ ಚುಕ್ಕೆಯಿಟ್ಟು ಬರೆದದ್ದನ್ನು ನಾವೆಲ್ಲ ನಂಬಿದ್ದೇವೆ. ಸಿರುಗುಪ್ಪದಲ್ಲಿ ಆ ಮೇಜಿನ ಮುಂದೆ ಕೂತಿದ್ದವಳು ನಾನು. ಮೇಜೂ ಇರಲಿಲ್ಲ, ಮಡಕೆ ಇತ್ತು.

ಹಾಳೆಯನ್ನು ಮೊದಲು ರಾಯಲ್ ಸರ್ಕಲ್ ಹತ್ತಿರ ಒಂದು ಅಂಗಡಿಗೆ ಒಯ್ದು ಜೆರಾಕ್ಸ್ ಮಾಡಿಸಿದೆ. ಜೆರಾಕ್ಸಿನಲ್ಲಿ ಕೆರೆದದ್ದು ಕಾಣಲೇ ಇಲ್ಲ. ಮೂಲದಲ್ಲಿ ಬೆಳಕಿಗೆ ಹಿಡಿದರೆ ಮೂರು ನಾಲ್ಕು ಕಡೆ ಕಿಟಕಿ ತೆರೆದ ಹಾಗೆ ಹೊಳೆಯುತ್ತದೆ. ನಕಲಿನಲ್ಲಿ ಎಲ್ಲ ಅಚ್ಚುಕಟ್ಟು. ಇದನ್ನೇ ಕಳಿಸಿಬಿಡಲೇ ಎನ್ನಿಸಿತು. ಅಂಗಡಿಯ ಹುಡುಗ "ಇನ್ನೊಂದು ಕಾಪಿ ಬೇಕಾ ಮೇಡಂ?" ಎಂದ. ಬೇಡವೆಂದೆ.

ಆ ಬೌಲರ್ ಇನ್ನೂ ಇದ್ದಾರೆಂದು ನನಗೆ ಗೊತ್ತಿತ್ತು. ಒಂದು ಗುರುವಾರ ಕುರುಗೋಡಿನ ಬಸ್ಸು ಹತ್ತಿದೆ. ಕುರುಗೋಡು ಈಗ ತಾಲ್ಲೂಕು ಕೇಂದ್ರ. ಸುತ್ತಲ ಬಂಡೆಗುಡ್ಡಗಳು ಮಾತ್ರ ಯಾರೋ ಗುಂಡುಗಳನ್ನು ಒಂದರ ಮೇಲೊಂದು ಪೇರಿಸಿಟ್ಟು ಮರೆತಂತೆ ಹಾಗೇ ನಿಂತಿವೆ. ದೊಡ್ಡಬಸವೇಶ್ವರನ ಗುಡಿಯಲ್ಲಿ ಒಂದೇ ಕಲ್ಲಿನ ಆ ಎತ್ತರದ ಬಸವಣ್ಣನಿಗೆ ಕೈಮುಗಿದೆ. ಹೊರಗೆ ಕೂತು ಚಪ್ಪಲಿ ಹಾಕಿಕೊಳ್ಳುವಾಗ, ಹಿಂದಕ್ಕೆ ಹೋಗೋಣವೆಂದು ಒಮ್ಮೆ ಬಸ್ ನಿಲ್ದಾಣದ ದಿಕ್ಕೂ ನೋಡಿದೆ.

ಅವರ ಮನೆಯಂಗಳದಲ್ಲಿ ಮೆಣಸಿನಕಾಯಿ ಒಣಹಾಕಿದ್ದರು. ಎಪ್ಪತ್ತರ ಸುಮಾರು, ಒಂದು ಭುಜ ಬಗ್ಗಿದೆ. ಸೊಸೆ ಚಹಾ ತಂದಿಟ್ಟು ಒಳಗೆ ಹೋದಳು. ನಾನು ಯಾರೆಂದು ಹೇಳಿದೆ, ಬಂದ ಕಾರಣ ಹೇಳಿದೆ. ಹೇಳಲು ಐದು ನಿಮಿಷ ಹಿಡಿಯಿತು. ಅವರು ಬೇಸರಪಡಲಿಲ್ಲ, ಅಚ್ಚರಿಯನ್ನೂ ಪಡಲಿಲ್ಲ.

"ಗೊತ್ತೈತವ್ವಾ. ಅದು ಅವನ ಕಾಲಿಗೆ ಬಡಿದಿತ್ತು. ನಾನು ಎಲ್‌ಬಿ ಅಂತ ಅಂಗಲಾಚಿ ಕೇಳಿದ್ದೆ. ಅಂಪೈರ್ ಕೊಡಲಿಲ್ಲ, ಮೊಣಕಾಲು ತಟ್ಟಿದ. ಮೈಕಿನಾಗೆ ಐವತ್ತು ಅಂದಾಗ್ಲೇ ನಮ್ಮ ಹುಡುಗರು, ಒಂದು ಹೆಚ್ಚಾತಲ್ಲ ಅಂದ್ರು."

"ಮತ್ತೆ ನೀವ್ಯಾಕೆ ಹೇಳಲಿಲ್ಲ?"

"ಗೆದ್ದೋರು ನಾವು. ಅವನಿಗೊಂದು ರನ್ನು ಇರ್ಲಿ ಅಂದೆ."

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹಾಗಾದರೆ ಇದೂ ಒಂದು ಶ್ರೀನಾಥರ ಕಥೆಯೇ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರು ಚಹಾದ ಲೋಟ ಕೆಳಗಿಟ್ಟು, "ಅವನ ಲೆಕ್ಕಕ್ಕೆ ಬರೆದದ್ದು ಸರಿ. ನನ್ನ ಮೇಡನ್ನೂ ಹೋತೇನು?" ಎಂದರು.

ಹೋಯಿತೆಂದೆ.

ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅದು ಗೊತ್ತಿರಲಿಲ್ಲ ನನಗೆ" ಎಂದರು. "ನಾನೂ ಮೊಮ್ಮಕ್ಕಳಿಗೆ ಹೇಳ್ತಿರ್ತೀನಿ. ಸಿರುಗುಪ್ಪದ ಮೇಲೆ ಫೈನಲ್‌ನಾಗೆ ಮೇಡನ್ ಹಾಕಿದ್ದೆ ಅಂತ. ಪುಸ್ತಕದಾಗೆ ಇಲ್ಲಾಂದ್ರೆ ನಾನು ಸುಳ್ಳು ಹೇಳ್ದಂಗಾತಲ್ಲವ್ವಾ?"

ನನ್ನ ಬಳಿ ಉತ್ತರವಿರಲಿಲ್ಲ. ಅವರು ತಾವಾಗಿ ಬಿಟ್ಟುಕೊಟ್ಟದ್ದು ಒಂದು, ನಾನು ಕೇಳದೆ ತೆಗೆದುಕೊಂಡದ್ದು ಎರಡು. ಬಾಗಿಲವರೆಗೂ ಬಂದು ಕಳಿಸಿಕೊಟ್ಟರು. ನಾನು ಮೆಟ್ಟಿಲಿಳಿಯುವಾಗ, "ನಿಮ್ಮ ಮಾವನಿಗೂ ಗೊತ್ತಿತ್ತಲ್ಲ. ಬಡಿದದ್ದು ಅವನ ಕಾಲಿಗೇ" ಎಂದರು.

ಬಸ್ಸಿನಲ್ಲಿ ಬಳ್ಳಾರಿಯವರೆಗೂ ಆ ಮಾತೇ. ಇಷ್ಟು ವರ್ಷ ಇದು ನನಗೆ ಹೊಳೆದಿರಲಿಲ್ಲವೆಂದರೆ ನೀವು ನಂಬಬೇಕು. ಚೆಂಡು ಬ್ಯಾಟಿಗೆ ತಾಗಿತೋ ಕಾಲಿಗೆ ಬಡಿಯಿತೋ ಎಂದು ಆಡಿದವನಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಆಗ ನೆನಪಾಯಿತು, ಸಣ್ಣಮಾವ ಎಂದೂ "ನಾನು ಐವತ್ತು ಹೊಡೆದೆ" ಎಂದು ಹೇಳಿದವನಲ್ಲ. ಯಾರಾದರೂ ಆ ಮಾತು ತೆಗೆದರೆ "ಹೂಂ, ಪುಸ್ತಕದಾಗೆ ಐವತ್ತು ಐತೆ" ಎನ್ನುತ್ತಿದ್ದ. ಅದನ್ನು ನಾವು ಅವನ ವಿನಯವೆಂದು ತಿಳಿದಿದ್ದೆವು. ಬೇರೆಯವರ ಬಾಯಲ್ಲಿ ಐವತ್ತಾಗಿ, ತನ್ನ ಬಾಯಲ್ಲಿ ಒಂದು ರನ್ನು ಕಡಿಮೆಯಾಗಿ ಅವನು ಅಷ್ಟು ವರ್ಷ ಇದ್ದ. ಅದು ನಾನು ಕೊಟ್ಟ ಉಡುಗೊರೆಯೋ, ಹೊರಿಸಿದ ಹೊರೆಯೋ?

ಆ ರಾತ್ರಿ ಅಪ್ಪ ಹೇಳಿಕೊಟ್ಟಂತೆ ಮಾಡಿದೆ. ಮತ್ತೆ ಕೆರೆಯಲಿಲ್ಲ. 50ರ ಮೇಲೆ ಒಂದು ಗೆರೆ ಹೊಡೆದು ಮೇಲೆ 49 ಎಂದು ಬರೆದೆ. ಇತರೆ 8ಕ್ಕೆ ಗೆರೆ, 9. ಬೌಲರನ 15ಕ್ಕೆ ಗೆರೆ, 14. ಮೇಡನ್ 1. ಕೆಳಗೆ, ‘17ನೇ ಓವರಿನ ಒಂದು ರನ್ ಲೆಗ್ ಬೈ. ತಪ್ಪಾಗಿ ತಿದ್ದಿದವಳು ಸ್ಕೋರ್ ಬರೆದವಳು’ ಎಂದು ಬರೆದು ಸಹಿ ಹಾಕಿ ಅಂದಿನ ತಾರೀಖು ಹಾಕಿದೆ. ಉದ್ದಕ್ಕೂ ಅಡ್ಡಕ್ಕೂ ಕೂಡಿದೆ. ಆ ಪುಟದ ಫೋಟೋ ತೆಗೆದು ಕುರುಗೋಡಿನವರ ಮೊಮ್ಮಗನ ಫೋನಿಗೆ ಕಳಿಸಿದೆ.

ಭಾನುವಾರ ತಾಯಿ ಮಗ ಬಂದರು. ನಾನು ಪುಸ್ತಕವನ್ನೇ ಮುಂದಿಟ್ಟು ಎಲ್ಲ ಹೇಳಿದೆ. ಅವಳು ಪುಟವನ್ನು ಎರಡು ಸಲ ಓದಿದಳು. "ಅಪ್ಪ ಇದ್ದಾಗ ಹೇಳಬೇಕಿತ್ತು ಅಕ್ಕ" ಎಂದಳು. ಹೌದು, ಆಗ ಹೇಳಬೇಕಿತ್ತು. ತಟ್ಟೆಯಲ್ಲಿದ್ದ ಮಿರ್ಚಿ ಅವಳು ಮುಟ್ಟಲಿಲ್ಲ. ಹುಡುಗ ಮಾತ್ರ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೆರೆದ ಜಾಗಗಳನ್ನು ಒಂದೊಂದಾಗಿ ಹುಡುಕಿ, ಬೆರಳಿಟ್ಟು ಲೆಕ್ಕ ಕೂಡುತ್ತಿದ್ದ.

"ದೊಡ್ಡಮ್ಮ, ತಾತ 49ಕ್ಕೆ ಹೆಂಗೆ ಔಟಾದ್ರು?"

ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ.

"ರನ್ ಔಟು. ಎರಡನೇ ರನ್ನಿಗೆ ಓಡಿದ."

"ಯಾರು ಕರೆದಿದ್ದು?"

"ಅವನೇ."

"ಇತ್ತಾ ಎರಡನೇದು?"

"ಇತ್ತು. ಜಾರಿಬಿದ್ದ" ಎಂದೆ. ಅವನು ಹೇಗೆ ಬಿದ್ದ, ಬ್ಯಾಟು ಎಲ್ಲಿ ಹಾರಿತು, ಗೆರೆಗೆ ಎಷ್ಟು ದೂರವಿತ್ತು ಎಂದೆಲ್ಲ ಹುಡುಗ ಕೇಳುತ್ತ ಹೋದ, ನಾನು ಹೇಳುತ್ತ ಹೋದೆ. ಹೊರಡುವಾಗ ಪುಸ್ತಕವನ್ನು ಅವಳೇ ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡಳು. ಗೋಡೆಗೆ ಹಾಕಿದ್ದಾರೋ ಇಲ್ಲವೋ, ನಾನಿನ್ನೂ ಆ ಕಡೆ ಹೋಗಿಲ್ಲ.